ಬೆಣ್ಣೆಯ ಕೂದಲು, ಅಜ್ಜಿಯ ಸೀರಣಿಗೆ

ಏಪ್ರಿಲ್‌ನಲ್ಲಿ ಹದಿನೈದು ದಿನ ನಾವು ಬೆಂಗಳೂರಲ್ಲಿ ಇರಲಿಲ್ಲ. ಮಗಳ ಮೊಲವನ್ನು ದಾವಣಗೆರೆಯಲ್ಲಿ ಅಮ್ಮನ ಹತ್ತಿರ ಬಿಟ್ಟು ಹೋಗಿದ್ದೆವು. ಅದರ ಹೆಸರು ಬೆಣ್ಣೆ. ಬಿಟ್ಟ ಮೂರನೇ ದಿನಕ್ಕೆ ಸರಿಯಾಗಿ ಬೆಣ್ಣೆ ಕೂದಲು ಉದುರಿಸಲು ಶುರು ಮಾಡಿತು. ನಾಲ್ಕನೇ ದಿನ ಚಿಕ್ಕಪ್ಪ 'ಮನೆ ಮಂದಿ' ಗುಂಪಿಗೆ ಒಂದು ವಿಡಿಯೋ ಹಾಕಿದರು. ಆಮೇಲೆ ಆದದ್ದನ್ನು ಕೆಳಗೆ ಹಾಕಿದ್ದೇನೆ. ಶುಭೋದಯದ ಹೂವಿನ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ಯಾರು ಯಾರು ಅಂತ ಹೇಳಿಬಿಡುತ್ತೇನೆ. ದೊಡ್ಡಪ್ಪ ಪಶುವೈದ್ಯರಾಗಿ ನಿವೃತ್ತರಾದವರು. ಚಿಕ್ಕಪ್ಪ ಬಟ್ಟೆ ವ್ಯಾಪಾರ ಮಾಡುತ್ತಾರೆ, ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ತಮ್ಮ ಬ್ರಿಸ್ಬೇನಿನಲ್ಲಿದ್ದಾನೆ. ಅಜ್ಜಿಗೆ ಫೋನಿಲ್ಲ. ಆಗ ಚಿತ್ರದುರ್ಗದಲ್ಲಿ ಅತ್ತೆಯ ಮನೆಯಲ್ಲಿದ್ದರು, ಅವರ ಮಾತನ್ನು ಅತ್ತೆ ಟೈಪ್ ಮಾಡುತ್ತಿದ್ದರು.

ಭಾನುವಾರ

ಅಮ್ಮ, 7:12
ಸೋಫಾ ಬಿಡಿ, ಇವತ್ತು ದೇವರ ದೀಪದ ಎಣ್ಣೆಯಲ್ಲೂ ಕೂದಲು. ದೋಸೆ ಹಿಟ್ಟಿನ ಮೇಲೆ ಒಂದು ಎಳೆ ಇತ್ತು. ಇವರು ಅದನ್ನು ನೋಡಿ ಏನೂ ಹೇಳದೆ ಚಪ್ಪಲಿ ಹಾಕಿಕೊಂಡು ಹೋಟೆಲಿಗೆ ಹೋದರು.

ಚಿಕ್ಕಪ್ಪ, 7:31
ಅತ್ತಿಗೆ, ಇದನ್ನು ನೋಡಿ. ಹೀಗೆ ಸ್ನಾನ ಮಾಡಿಸಿದರೆ ಉದುರುವ ಕೂದಲೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಹತ್ತು ನಿಮಿಷದ ಕೆಲಸ.

(ವಿಡಿಯೋದಲ್ಲಿ ಒಂದು ಬಿಳಿ ಮೊಲ ಸಿಂಕಿನೊಳಗೆ ನೊರೆಯ ಮಧ್ಯೆ ಅಂಗಾತ ಮಲಗಿದೆ. ಯಾರದೋ ಕೈ ಅದರ ಹೊಟ್ಟೆ ಉಜ್ಜುತ್ತಿದೆ. ಹಿಂದೆ ಪಿಯಾನೊ. ಕೆಳಗೆ ನಗುವ ಮುಖಗಳು, ಲೆಕ್ಕವಿಲ್ಲದಷ್ಟು.)

ಅತ್ತೆ, 7:35
ಅಯ್ಯೋ ಎಷ್ಟು ಮುದ್ದಾಗಿ ಮಲಗಿದೆ! ಸ್ನಾನ ಅಂದರೆ ಅದಕ್ಕೂ ಖುಷಿ.

ಅಮ್ಮ, 7:40
ಹಾಗಾದರೆ ಇವತ್ತೇ ಮಾಡಿಸುತ್ತೇನೆ. ಸೀಗೆಪುಡಿ ಹಾಕಬಹುದಾ?

ನಾನು, 7:41
ಅಮ್ಮ ಬೇಡ. ನೀರು ಹಾಕಲೇಬೇಡ. ಬಕೆಟ್ ಎಲ್ಲಿದೆಯೋ ಅಲ್ಲೇ ಇರಲಿ.

ಚಿಕ್ಕಪ್ಪ, 7:44
ಯಾಕಮ್ಮ? ನಾಯಿಗೆ ಸ್ನಾನ ಮಾಡಿಸುತ್ತೇವೆ. ಎಮ್ಮೆಯ ಮೈ ತೊಳೆಯುತ್ತೇವೆ. ಇಲ್ಲಿ 38 ಡಿಗ್ರಿ ಬಿಸಿಲು. ಆ ಮೊಲ ಆರಾಮಾಗಿ ಮಲಗಿಲ್ವಾ?

ನಾನು, 7:52
ಅದು ಆರಾಮಲ್ಲ ಚಿಕ್ಕಪ್ಪ. ಮೊಲವನ್ನು ಅಂಗಾತ ಮಲಗಿಸಿದರೆ ಭಯಕ್ಕೆ ಮರಗಟ್ಟುತ್ತದೆ. ನರಿ ಹಿಡಿದಾಗ ಸತ್ತ ಹಾಗೆ ಬಿದ್ದುಕೊಳ್ಳುತ್ತದಲ್ಲ, ಅದೇ ಇದು. ಮೇಲೆ ನೋಡಿದರೆ ಮುದ್ದು, ಒಳಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಇನ್ನು ಒಳಗಿನ ತುಪ್ಪಳ ಎಷ್ಟು ಒತ್ತಾಗಿದೆ ಅಂದರೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಮೈ ತಣ್ಣಗಾಗುತ್ತದೆ. ಕಿವಿಗೆ ನೀರು ಹೋಗುತ್ತದೆ.

ಚಿಕ್ಕಪ್ಪ, 7:54
38 ಡಿಗ್ರಿಯಲ್ಲಿ ಮೈ ತಣ್ಣಗಾಗುತ್ತದಾ? ನನ್ನ ಬನಿಯನ್ ಹತ್ತು ನಿಮಿಷಕ್ಕೆ ಒಣಗುತ್ತದೆ.

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ದೊಡ್ಡಪ್ಪ ಬಂದರು.

ದೊಡ್ಡಪ್ಪ, 8:20
ಒಣಗುವ ಮಾತು ಆಮೇಲೆ. ಮೊದಲು ಒದೆಯುವ ಮಾತು. ಮೊಲದ ಮೂಳೆಯ ತೂಕ ಮೈತೂಕದಲ್ಲಿ ಸುಮಾರು ಶೇಕಡಾ 8. ಬೆಕ್ಕಿನದು 12, 13 ಇರುತ್ತದೆ. ಮೂಳೆ ಹಗುರ, ಹಿಂಗಾಲಿನ ಬಲ ಮಾತ್ರ ಭಾರಿ. ನೀರಿನಲ್ಲಿ ಹೆದರಿ ಕೊಸರಾಡಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಹಿಂದಿನ ಎರಡು ಕಾಲು ಹೋದರೆ ಮತ್ತೆ ಬರುವುದಿಲ್ಲ. ಎಮ್ಮೆಗೆ ಹೋಲಿಸಬೇಡ ತಮ್ಮಾ.

ಚಿಕ್ಕಪ್ಪ, 8:23
ಅಣ್ಣಯ್ಯ, ಹಾಗಾದರೆ ಇಷ್ಟು ಜನ ಲೈಕ್ ಮಾಡಿದ್ದಾರಲ್ಲ?

ದೊಡ್ಡಪ್ಪ, 8:24
ಮೊಲ ಮಾಡಿದೆಯಾ?

ತಮ್ಮ, 8:40
ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಮೊಲ ಸಾಕುವುದೇ ಕಾನೂನಿಗೆ ವಿರುದ್ಧ, ಗೊತ್ತಾ? ಜಾದೂ ತೋರಿಸುವವರಿಗೆ ಬೇಕಿದ್ದರೆ ಪರವಾನಗಿ ಕೊಡುತ್ತಾರೆ.

ಅಮ್ಮ, 8:42
ಜಾದೂ ನನ್ನ ಮನೆಯಲ್ಲೂ ನಡೆಯುತ್ತಿದೆ. ಗುಡಿಸಿದ ಐದು ನಿಮಿಷಕ್ಕೆ ನೆಲದ ತುಂಬಾ ಮತ್ತೆ ಕೂದಲು. ಎರಡು ಕೆಜಿ ಪ್ರಾಣಿಯಿಂದ ಇಷ್ಟು ಹೇಗೆ ಬರುತ್ತದೆ?

ಅತ್ತೆ, 8:50
ಅಮ್ಮ ಕೇಳುತ್ತಿದ್ದಾರೆ: ನಮ್ಮ ಹೊಲದಲ್ಲಿ ಇಷ್ಟೊಂದು ಮೊಲ ಓಡಾಡುತ್ತಿದ್ದವು, ಅವಕ್ಕೆ ಯಾರು ತಲೆ ಬಾಚಿ ಜಡೆ ಹಾಕಿದ್ದರು?

ದೊಡ್ಡಪ್ಪ, 9:05
ಅವ್ವ, ಹೊಲದ್ದು ನಮ್ಮ ಕಾಡುಮೊಲ, ಜಾತಿಯೇ ಬೇರೆ. ಮನೆಯಲ್ಲಿ ಸಾಕುವುದು ಯುರೋಪಿನ ಮೂಲದ್ದು. ಆದರೂ ನೀನು ಕೇಳಿದ್ದರಲ್ಲಿ ವಿಷಯ ಇದೆ. ಹೊಲದ್ದು ರಾತ್ರಿಯೆಲ್ಲ ಹುಲ್ಲು ಮೇಯುತ್ತದೆ, ಓಡುತ್ತದೆ. ಒಂದಿಷ್ಟು ಕೂದಲು ಬೇಲಿ ಪೊದೆಗೆ ಸಿಕ್ಕಿ ಹೋಗುತ್ತದೆ. ಸೋಫಾ ಕೆಳಗೆ ಕೂತ ಮೊಲಕ್ಕೆ ಬೇಲಿ ಎಲ್ಲಿ? ಇನ್ನೊಂದು, ಕೂದಲು ಬದಲಾಗುವುದು ಹಗಲಿನ ಉದ್ದ ನೋಡಿಕೊಂಡು. ಚಳಿ ದೇಶದಲ್ಲಿ ಆ ವ್ಯತ್ಯಾಸ ದೊಡ್ಡದು. ನಮ್ಮ ಕಡೆ ಡಿಸೆಂಬರಿಗೂ ಜೂನಿಗೂ ಎರಡು ಗಂಟೆಯೂ ವ್ಯತ್ಯಾಸ ಇಲ್ಲ. ಜೊತೆಗೆ ಮನೆಯೊಳಗೆ ರಾತ್ರಿ ಹನ್ನೊಂದರವರೆಗೂ ಟ್ಯೂಬ್‌ಲೈಟ್. ಅದಕ್ಕೇ ಸಾಕಿದ ಮೊಲಗಳ ಲೆಕ್ಕ ತಪ್ಪುತ್ತದೆ, ಯಾವಾಗ ಬೇಕಾದರೂ ಉದುರಿಸುತ್ತವೆ.

ಚಿಕ್ಕಪ್ಪ, 9:15
ಸರಿ, ಸ್ನಾನ ಬೇಡ. ಟ್ರಿಮ್ಮರಿನಲ್ಲಿ ಬೋಳಿಸಿಬಿಡಿ. ಕುಲು ಕಡೆ ಮೊಲದ ಉಣ್ಣೆ ಕತ್ತರಿಸಿ ಶಾಲು ಮಾಡುತ್ತಾರೆ. ಅದೂ ಸುಳ್ಳಾ?

ದೊಡ್ಡಪ್ಪ, 9:22
ಸುಳ್ಳಲ್ಲ. ಅದು ಅಂಗೋರಾ ಅನ್ನುವ ಉದ್ದ ಕೂದಲಿನ ಮೊಲ. ಕುಲು ಜಿಲ್ಲೆಯ ಗಾರ್ಸಾದಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ. ಅಂಗೋರಾಕ್ಕೆ ಎರಡೂವರೆ ಮೂರು ತಿಂಗಳಿಗೊಮ್ಮೆ ಉಣ್ಣೆ ತೆಗೆಯಲೇಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಬೆಣ್ಣೆಯದು ಗಿಡ್ಡ ಕೂದಲು. ಚರ್ಮ ಕಾಗದದ ಹಾಗೆ ತೆಳು. ಕತ್ತರಿ ಹಾಕಿದರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ.

ಅಪ್ಪ, 9:30
ಇವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಗಳು (ನನ್ನ ಫೋನಿನಿಂದ), 9:31
ಇಲ್ಲ ತಾತ, ಬೆಣ್ಣೆಗೆ ನಾಲ್ಕಿದೆ.

ಅಮ್ಮ, 9:45
ಎಲ್ಲರೂ ಏನು ಮಾಡಬಾರದು ಅಂತ ಹೇಳಿದಿರಿ. ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲ. ನೀನು ಮೂರು ಚೀಲ ಹುಲ್ಲು ಕೊಟ್ಟೆ, ಅದರ ಕಕ್ಕಸಿನ ಡಬ್ಬಿ ಕೊಟ್ಟೆ, ಆಟದ ಸಾಮಾನು ಕೊಟ್ಟೆ. ಬಾಚಣಿಗೆ ಕೊಟ್ಟೆಯಾ?

ಕೊಟ್ಟಿರಲಿಲ್ಲ. ರಬ್ಬರ್ ಮುಳ್ಳುಗಳಿರುವ ಗ್ಲೌಸ್ ಒಂದಿದೆ. ಅದು ಬೆಂಗಳೂರಿನಲ್ಲಿ, ಬೀಗ ಹಾಕಿದ ಮನೆಯಲ್ಲಿ, ಫ್ರಿಜ್ ಮೇಲಿತ್ತು. ಹತ್ತು ನಿಮಿಷ ನಾನು ಏನೂ ಬರೆಯಲಿಲ್ಲ.

ನಾನು, 9:58
ಸದ್ಯಕ್ಕೆ ಕೈ ಸಾಕು ಅಮ್ಮ. ನೆಲದ ಮೇಲೆ ಕೂತುಕೋ, ಎತ್ತಬೇಡ. ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ತಲೆಯಿಂದ ಬಾಲದ ಕಡೆಗೆ ಸವರು. ಸಡಿಲ ಕೂದಲು ಅಂಗೈಗೆ ಅಂಟಿಕೊಂಡು ಬರುತ್ತದೆ.

ಚಿಕ್ಕಪ್ಪ, 9:59
ಅಂದರೆ ನೀರು ಬೇಕು!

ನಾನು, 10:00
ಕೈಗೆ ಚಿಕ್ಕಪ್ಪ. ಕೈಗೆ.

ಸೋಮವಾರ

ಅಮ್ಮ, 6:50
ನಿನ್ನೆ ಸಂಜೆ ಹದಿನೈದು ನಿಮಿಷ ಸವರಿದೆ. ಬೆನ್ನಿನ ಮೇಲೆ ಒಂದು ಗೆರೆ ಕಾಣುತ್ತಿದೆ, ಗೆರೆಯ ಮುಂದೆ ನಯವಾಗಿದೆ, ಹಿಂದೆ ಕುಚ್ಚು ಕುಚ್ಚಾಗಿ ಎದ್ದು ನಿಂತಿದೆ. ಕಾಯಿಲೆಯಾ?

ದೊಡ್ಡಪ್ಪ, 7:02
ಅಲ್ಲಮ್ಮ. ಹೊಸ ಕೂದಲು ತಲೆಯಿಂದ ಶುರುವಾಗಿ ಬೆನ್ನ ಮೇಲೆ ಸೊಂಟದ ಕಡೆಗೆ ಇಳಿಯುತ್ತದೆ. ಗೆರೆ ಬಾಲದ ಹತ್ತಿರ ಹೋದ ಮೇಲೆ ನಿನ್ನ ಕಷ್ಟ ಮುಗಿಯುತ್ತದೆ. ಬೋಳಾದ ಜಾಗದಲ್ಲಿ ಬಿಳಿ ಹೊಟ್ಟು ಇದ್ದರೆ, ಕೆರೆದುಕೊಳ್ಳುತ್ತಿದ್ದರೆ ಹೇಳು. ಅದು ನುಸಿ ಇರಬಹುದು.

ಅಮ್ಮ, 7:05
ಹೊಟ್ಟು ಇಲ್ಲ. ಪಕ್ಕದ ಮನೆಯವರು ನಾಯಿಯ ಉಣ್ಣಿ ಹುಳುವಿಗೆ ಅಂತ ಕತ್ತಿನ ಮೇಲೆ ಬಿಡುವ ಔಷಧಿ ಕೊಟ್ಟಿದ್ದಾರೆ. ಎರಡು ತೊಟ್ಟು ಹಾಕಲಾ, ಇರಲಿ ಅಂತ?

ದೊಡ್ಡಪ್ಪ, 7:06
ಬೇಡ!! ಡಬ್ಬಿಯ ಮೇಲೆ ಫಿಪ್ರೊನಿಲ್ ಅಂತ ಇದೆಯಾ ನೋಡು.

ಅಮ್ಮ, 7:10
ಹೌದು, ಇದೆ.

ದೊಡ್ಡಪ್ಪ, 7:11
ವಾಪಸ್ ಕೊಟ್ಟುಬಿಡು. ನಾಯಿಗೆ ಅದು ಔಷಧಿ. ಮೊಲಕ್ಕೆ ವಿಷ. ಸೆಳೆತ ಬಂದು ಸಾಯುತ್ತವೆ.

ನಲವತ್ತು ವರ್ಷದಲ್ಲಿ ದೊಡ್ಡಪ್ಪ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಔಷಧಿ ವಾಪಸ್ ಕೊಡಲು ಓಡಿದರಂತೆ. ಈ ಇಡೀ ಜಗಳದಲ್ಲಿ ನಿಜವಾಗಿ ಜೀವ ಉಳಿಸಿದ ಮಾತು ಅದೊಂದೇ ಇರಬೇಕು. ಸ್ನಾನದ ಗಲಾಟೆಯಲ್ಲಿ ಅದನ್ನು ಯಾರೂ ಅಷ್ಟು ಗಮನಿಸಲಿಲ್ಲ.

ಅಮ್ಮ, 13:15
(ಫೋಟೋ)

ಅತ್ತೆ, 13:17
ಅತ್ತಿಗೆ, ಇದೇನು ಜಪಮಾಲೆಯಾ?

ಅಮ್ಮ, 13:18
ಹಿಕ್ಕೆ.

ಅತ್ತೆ, 13:18
ಊಟಕ್ಕೆ ಕೂತಿದ್ದೆವು.

ನಾನು, 13:25
ಅಮ್ಮ, ಒಳ್ಳೆ ಫೋಟೋ ಕಳಿಸಿದೆ. ಹಿಕ್ಕೆಗಳು ಕೂದಲಿನಿಂದ ಪೋಣಿಸಿದ ಹಾಗೆ ಬಂದರೆ ತುಂಬಾ ಕೂದಲು ನುಂಗಿದೆ ಅಂತ ಅರ್ಥ. ಬೆಕ್ಕಾದರೆ ಕೂದಲಿನ ಉಂಡೆಯನ್ನು ವಾಂತಿ ಮಾಡುತ್ತದೆ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಕರುಳು ನಿಧಾನವಾದರೆ ಅಲ್ಲೇ ನಿಲ್ಲುತ್ತದೆ.

ಚಿಕ್ಕಪ್ಪ, 13:30
ಅನಾನಸ್ ರಸ ಕುಡಿಸಿ. ಕೂದಲು ಕರಗುತ್ತದೆ. ಅದರಲ್ಲಿ ಕಿಣ್ವ ಇದೆ. ಇದು ವಿಡಿಯೋ ಅಲ್ಲ, ಲೇಖನ.

ದೊಡ್ಡಪ್ಪ, 13:41
ಕರಗುವುದಿಲ್ಲ. ಅನಾನಸಿನ ಕಿಣ್ವಕ್ಕೆ ಕೂದಲಿನ ಕೆರಾಟಿನ್ ಮುರಿಯುವ ಶಕ್ತಿ ಇಲ್ಲ. ಇದ್ದಿದ್ದರೆ ಅನಾನಸ್ ಹೆಚ್ಚುವವರ ಕೈಯಲ್ಲಿ ಉಗುರು ಉಳಿಯುತ್ತಿತ್ತಾ? ಉಗುರೂ ಅದೇ ಕೆರಾಟಿನ್. ಮೇಲೆ ಸಕ್ಕರೆ ಬೇರೆ, ಕರುಳು ಇನ್ನೂ ಕೆಡುತ್ತದೆ. ಹುಲ್ಲು, ನೀರು. ಅಷ್ಟೇ.

ಚಿಕ್ಕಪ್ಪ, 13:43
ಈ ಅನಾನಸ್ ಮಾತು ನಮ್ಮ ಅಂಗಡಿಗೆ ಬರುವ ಹಣ್ಣಿನವನಿಗೂ ಗೊತ್ತಿತ್ತು.

ದೊಡ್ಡಪ್ಪ, 13:43
ಅವನು ಹಣ್ಣು ಮಾರುತ್ತಾನಪ್ಪ.

ಅಮ್ಮ, 14:10
ಹುಲ್ಲು ತಿನ್ನುವುದು ಕಡಿಮೆ ಮಾಡಿದೆ. ಕಾಳು ಕೊಟ್ಟರೆ ತಿನ್ನುತ್ತದೆ. ಹಾಲಿನವರು ಕುದುರೆ ಮಸಾಲೆ ಸೊಪ್ಪು ತಂದಿದ್ದರು, ಅದನ್ನು ಹಾಕಿದೆ, ಖುಷಿಯಾಗಿ ತಿಂದಿತು.

ನಾನು, 14:14
ಅದಕ್ಕೇ ಹುಲ್ಲು ಬೇಡ ಅನ್ನುತ್ತಿದೆ ಅಮ್ಮ, ಹೊಟ್ಟೆ ತುಂಬಿದೆ. ಕುದುರೆ ಮಸಾಲೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆದ ಮೊಲಕ್ಕೆ ದಿನಾ ಬೇಡ. ಕಾಳು ನಿಲ್ಲಿಸು. ಒಣಹುಲ್ಲು ಯಾವಾಗಲೂ ಮುಂದಿರಲಿ. ಹಿತ್ತಲಲ್ಲಿ ಗರಿಕೆ ಇದೆಯಲ್ಲ, ತೊಳೆದು ಕೊಡು. ಕೊತ್ತಂಬರಿ ಸೊಪ್ಪನ್ನು ನೀರು ಒದರದೆ ಹಾಗೇ ಕೊಡು, ನೀರೂ ಒಳಗೆ ಹೋಗುತ್ತದೆ. ರಾತ್ರಿವರೆಗೂ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡ, ಡಾಕ್ಟರ ಹತ್ತಿರ ಹೋಗು. ಹತ್ತು ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇದ್ದರೆ ಮೊಲಕ್ಕೆ ಅಪಾಯ.

ಅಪ್ಪ, 14:20
ಗಣಪತಿಗೆ ಇಟ್ಟ ಗರಿಕೆಯನ್ನು ಆಗಲೇ ತಿಂದಾಯಿತು. ಕೇಳಿ ಕೊಡುವ ತನಕ ಅದು ಕಾಯುವುದಿಲ್ಲ.

ಅಮ್ಮ, 21:30
ತಿಂದಿತು. ಹಿಕ್ಕೆಯೂ ಹಾಕಿತು. ಫೋಟೋ ಕಳಿಸುವುದಿಲ್ಲ.

ಬುಧವಾರ

ಅಮ್ಮ, 8:05
ಕೈಯಲ್ಲಿ ಸವರಿ ಸವರಿ ಸಾಕಾಯಿತು. ನಿನ್ನೆ ಒಂದು ಬಾಚಣಿಗೆ ಸಿಕ್ಕಿತು. ಹಲ್ಲು ಬಹಳ ಹತ್ತಿರ ಹತ್ತಿರ ಇವೆ. ಮೆಲ್ಲಗೆ ಎಳೆದರೆ ಒಳಗಿನ ತುಪ್ಪಳ ಹತ್ತಿಯ ಹಾಗೆ ಬರುತ್ತದೆ, ಚರ್ಮಕ್ಕೆ ಏನೂ ತಾಗುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೆಣ್ಣೆ ಕಣ್ಣು ಮುಚ್ಚಿಕೊಂಡು ಹಲ್ಲು ಮೆಲ್ಲಗೆ ಕಡಿಯುತ್ತಾ ಕೂತಿರುತ್ತದೆ.

ಮಗಳು (ನನ್ನ ಫೋನಿನಿಂದ), 8:07
ಅಜ್ಜಿ, ಹಾಗೆ ಹಲ್ಲು ಕಡಿದರೆ ಅದಕ್ಕೆ ಇಷ್ಟ ಆಗಿದೆ ಅಂತ!

ನಾನು, 8:09
ಹೊಟ್ಟೆಯ ಕಡೆ ಬಹಳ ಮೆಲ್ಲಗೆ. ಗಂಟು ಸಿಕ್ಕಿದರೆ ಎಳೆಯಬೇಡ, ಬೆರಳಲ್ಲಿ ಬಿಡಿಸು. ಅಂದಹಾಗೆ ಯಾವ ಬಾಚಣಿಗೆ ಅದು? ಫೋಟೋ ಕಳಿಸು.

ಅಮ್ಮ, 8:15
(ಫೋಟೋ)

ಅತ್ತೆ, 8:16
ಅತ್ತಿಗೆ... ಇದು ಅಮ್ಮನ ಸೀರಣಿಗೆ ಅಲ್ವಾ?

ಅಮ್ಮ, 8:16
(ಟೈಪ್ ಮಾಡುತ್ತಿದ್ದಾರೆ ಅಂತ ನಾಲ್ಕು ನಿಮಿಷ ತೋರಿಸಿತು. ಏನೂ ಬರಲಿಲ್ಲ.)

ಆ ಸೀರಣಿಗೆ ನನಗೂ ಗೊತ್ತು. ಮರದ್ದು, ಎರಡೂ ಕಡೆ ಹಲ್ಲು. ಬೇಸಿಗೆ ರಜೆಗೆ ಹೋದಾಗ ನಮ್ಮೆಲ್ಲರ ತಲೆಯ ಹೇನು ತೆಗೆದದ್ದು ಅದರಲ್ಲೇ. ಅಳುತ್ತಾ ಕೂತಿರುತ್ತಿದ್ದೆವು, ಬೆಣ್ಣೆಯ ಹಾಗೆ ಕಣ್ಣು ಮುಚ್ಚಿಕೊಂಡಲ್ಲ. ಅಂಗಡಿಯಲ್ಲಿ ಬೆಕ್ಕು ಮೊಲಗಳಿಗೆ ಅಂತ ಮಾರುವ ಚಿಗಟದ ಬಾಚಣಿಗೆಗೂ ಇದಕ್ಕೂ ಹಲ್ಲಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಬೆಲೆಯಲ್ಲಿ ಇದೆ.

ಅತ್ತೆ, 8:24
ಅಮ್ಮನಿಗೆ ಹೇಳಿದೆ. ಕೇಳುತ್ತಿದ್ದಾರೆ: ನನ್ನ ಡಬ್ಬಿ ತೆಗೆದವರು ಯಾರು?

ಅಪ್ಪ, 8:25
ನಾನು ಹೋಟೆಲಿನಲ್ಲಿದ್ದೆ.

ಚಿಕ್ಕಪ್ಪ, 8:26
ಅದಕ್ಕೇ ನಾನು ಸ್ನಾನ ಅಂದದ್ದು. ಯಾರ ಡಬ್ಬಿಯನ್ನೂ ಮುಟ್ಟಬೇಕಾಗಿರಲಿಲ್ಲ.

ಅಮ್ಮ, 8:31
ಅತ್ತೆಗೆ ಹೇಳು, ತಪ್ಪಾಯಿತು ಅಂತ. ಹೊಸದು ತಂದುಕೊಡುತ್ತೇನೆ.

ಅತ್ತೆ, 8:37
ಅಮ್ಮ ಹೇಳುತ್ತಿದ್ದಾರೆ: ಹೊಸದು ಯಾರಿಗೆ ಬೇಕು, ಈಗಿನ ಪ್ಲಾಸ್ಟಿಕ್ಕಿನ ಹಲ್ಲು ಎರಡು ದಿನಕ್ಕೆ ಮುರಿಯುತ್ತದೆ. ಅದರಲ್ಲೇ ಬಾಚಲಿ. ಸಣ್ಣ ಹಲ್ಲಿನ ಕಡೆ ಬೇಡ, ದೊಡ್ಡ ಹಲ್ಲಿನ ಕಡೆಯಿಂದ ಮೊದಲು, ಆಮೇಲೆ ಸಣ್ಣದು. ನಿಮಗೆಲ್ಲ ನಾನು ಹಾಗೇ ಬಾಚಿದ್ದು.

ದೊಡ್ಡಪ್ಪ, 8:40
ಅವ್ವ ಹೇಳಿದ್ದು ಸರಿ.

ಚಿಕ್ಕಪ್ಪ, 8:52
ಈ ಸಂದೇಶವನ್ನು ಅಳಿಸಲಾಗಿದೆ

ಮೇಲೆ ಹೋಗಿ ನೋಡಿದೆ. ಭಾನುವಾರದ ವಿಡಿಯೋ ಹಾಗೇ ಇದೆ. ಈಗ ಅಳಿಸಿದ್ದು ಏನೋ ಬೇರೆ, ಏನು ಅಂತ ಯಾರೂ ಕೇಳಲಿಲ್ಲ.

ಶನಿವಾರ

ಅಮ್ಮ, 18:20
ಗೆರೆ ಬಾಲದ ಹತ್ತಿರ ಬಂತು. ಒಂದು ಪ್ಲಾಸ್ಟಿಕ್ ಚೀಲದ ತುಂಬಾ ಕೂದಲು ಸೇರಿದೆ. ಎಸೆಯಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಚಿಕ್ಕಪ್ಪ, 18:22
ದಿಂಬು.

ಅತ್ತೆ, 18:30
ಅಮ್ಮ ಸೋಮವಾರ ವಾಪಸ್ ಬರುತ್ತಾರಂತೆ. ಅಷ್ಟರಲ್ಲಿ ಸೀರಣಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹರಳೆಣ್ಣೆ ಸವರಿ ಡಬ್ಬಿಯಲ್ಲಿ ಇಡಬೇಕಂತೆ. ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ ಅಂತ ಎರಡು ಸಲ ಹೇಳಿದರು.