ಹೂಗಿಡಗಳ ಎಲೆರೋಗ: ಬೆಂಗಳೂರಿನ ಕೈತೋಟದವರ ಆನ್‌ಲೈನ್ ಗುಂಪಿನಲ್ಲಿ ಸಸ್ಯರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಜಯನಗರದ ಸದಸ್ಯೆ: ಮೇಡಂ, ಗುಲಾಬಿಯ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ಸುತ್ತ ಹಳದಿಯಾಗಿ ಉದುರುತ್ತಿವೆ. ಏನು ಮಾಡಲಿ?

ತಜ್ಞೆ: ಚುಕ್ಕೆಯ ಅಂಚು ಎಳೆಎಳೆಯಾಗಿ ಹರಡಿದ್ದರೆ ಅದು ಕಪ್ಪು ಚುಕ್ಕೆ ರೋಗ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಶಿಲೀಂಧ್ರ ಒಳಹೊಕ್ಕುತ್ತದೆ; ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಹಾಕಿ, ಉದುರಿದ ಎಲೆಗಳನ್ನು ಕುಂಡದಲ್ಲಿ ಬಿಡಬೇಡಿ.

ವಿಜಯನಗರದ ಸದಸ್ಯ: ತಾರಸಿಯ ಸೇವಂತಿಗೆ ಎಲೆಗಳ ಮೇಲೆ ಹಳದಿ ಗುಳಿಗಳು, ಅಡಿಯಲ್ಲಿ ಬಿಳಿ ಗುಳ್ಳೆಗಳು ಇವೆ, ಚಿತ್ರ ಹಾಕಿದ್ದೇನೆ. ಬೂದಿ ರೋಗವೇ? ಭಾನುವಾರ ಗುಂಪಿನವರಿಗೆ ಇದರ ಕಡ್ಡಿಗಳನ್ನು ಹಂಚಬೇಕೆಂದಿದ್ದೇನೆ.

ತಜ್ಞೆ: ದಯವಿಟ್ಟು ಒಂದು ಕಡ್ಡಿಯನ್ನೂ ಕೊಡಬೇಡಿ. ಬೂದಿ ರೋಗದ ಬಿಳಿ ಪುಡಿ ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲಿ ಹರಡುತ್ತದೆ, ಬೆರಳಿನಿಂದ ಒರೆಸಿದರೆ ಬಂದುಬಿಡುತ್ತದೆ. ನಿಮ್ಮ ಚಿತ್ರದಲ್ಲಿ ಮೇಲಿನ ಪ್ರತಿ ಗುಳಿಗೂ ನೇರವಾಗಿ ಅಡಿಯಲ್ಲಿ, ಮೇಣದ ಹನಿ ಬಿದ್ದಂತೆ, ನಸುಗುಲಾಬಿ ಬೆರೆತ ಬಿಳಿ ಗುಳ್ಳೆ ಉಬ್ಬಿದೆ. ಇದು ಪುಕ್ಸೀನಿಯಾ ಹೋರಿಯಾನಾ ಎಂಬ ಶಿಲೀಂಧ್ರ ತರುವ ಬಿಳಿ ತುಕ್ಕು ರೋಗದ ಲಕ್ಷಣ. ಕಂದು ತುಕ್ಕಾಗಿದ್ದರೆ ಬೆರಳಿಗೆ ಕಡುಗಂದು ಧೂಳು ಹತ್ತುತ್ತಿತ್ತು. ಜಪಾನ್ ಮೂಲದ ಈ ರೋಗ 1960ರ ದಶಕದಲ್ಲಿ ಯುರೋಪಿಗೆ ದಾಟಿದ್ದು ಸೋಂಕು ತಗುಲಿದ ಕಡ್ಡಿಗಳ ಜೊತೆಗೇ. ಸೋಂಕು ತಗುಲಿದ ಮೇಲೂ ವಾರ, ಹತ್ತು ದಿನ ಏನೂ ಕಾಣದಿರುವುದರಿಂದ, ಚೊಕ್ಕಟವಾಗಿರುವ ಕಡ್ಡಿಯನ್ನೂ ನಂಬುವಂತಿಲ್ಲ. ನಮ್ಮೂರಿನ ಅಕ್ಟೋಬರ್, ನವೆಂಬರ್‌ನ ಜಿಟಿಜಿಟಿ ಮಳೆ ಮತ್ತು ತಂಪು ಇದಕ್ಕೆ ಹೇಳಿಮಾಡಿಸಿದ ಹವೆ. ಗಿಡಗಳನ್ನು ಬೇರೆಯಿಡಿ, ರೋಗದ ಎಲೆಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ; ಗೊಬ್ಬರದ ಡ್ರಮ್ಮಿಗೆ ಹಾಕಬೇಡಿ. ಎರಡು ಎಲೆಗಳನ್ನು ಕಾಗದದಲ್ಲಿ ಸುತ್ತಿ, ಕವರಿನಲ್ಲಿ ಮುಚ್ಚಿ, ಜಿಕೆವಿಕೆಯ (ಕೃಷಿ ವಿಶ್ವವಿದ್ಯಾಲಯದ) ಸಸ್ಯರೋಗಶಾಸ್ತ್ರ ವಿಭಾಗದಲ್ಲೋ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೋ ತೋರಿಸಿ; ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಇದು ಖಚಿತವಾಗಬೇಕು.

ವಿಜಯನಗರದ ಸದಸ್ಯ: ಕಳೆದ ವಾರ ಒಬ್ಬರಿಗೆ ಕೊಟ್ಟಾಗಿದೆ, ಮೇಡಂ.

ತಜ್ಞೆ: ಈಗಲೇ ಅವರಿಗೆ ಫೋನ್ ಮಾಡಿ.

ಬಸವನಗುಡಿಯ ಸದಸ್ಯೆ: ಕಾಬಾಳೆಯ (ಕ್ಯಾನಾ ಹೂಗಿಡದ) ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಾಣುತ್ತಿದೆ. ಇದೂ ತುಕ್ಕೇ?

ಮಲ್ಲೇಶ್ವರದ ಸದಸ್ಯ: ಅಡುಗೆ ಸೋಡಾ, ಅರಿಶಿನ, ಇಂಗು ಕಲಸಿ ಸಿಂಪಡಿಸಿದರೆ ಎಲ್ಲ ರೋಗವೂ ಮೂರೇ ದಿನದಲ್ಲಿ ಮಾಯವಾಗುತ್ತದೆ ಎಂಬ ಸಂದೇಶ ಬಂದಿದೆ. ಎಲ್ಲರ ಉಪಯೋಗಕ್ಕಾಗಿ ಹಾಕಿದ್ದೇನೆ.

ತಜ್ಞೆ: ದಯವಿಟ್ಟು ಅಳಿಸಿ. ತುಕ್ಕು ಎಲೆಯ ಒಳಗೆ ಬೆಳೆಯುತ್ತದೆ, ಮೇಲೆ ಬಳಿದ ಅರಿಶಿನ ಅಲ್ಲಿಗೆ ತಲುಪುವುದಿಲ್ಲ. ಸೋಡಾ ಹೆಚ್ಚಾದರೆ ಎಲೆ ಸುಡುತ್ತದೆ, ಅದರ ಸೋಡಿಯಂ ಕುಂಡದ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಇದನ್ನು ನಂಬಿ ಕಾಯುವಷ್ಟರಲ್ಲಿ ರೋಗ ಪಕ್ಕದ ಕುಂಡಕ್ಕೆ ದಾಟಿರುತ್ತದೆ.

ಮಲ್ಲೇಶ್ವರದ ಸದಸ್ಯ: ನಮ್ಮ ಅಜ್ಜಿ ಯಾವ ವಿಷವನ್ನೂ ಹೊಡೆಯದೆ ಹಿತ್ತಲು ತುಂಬ ಸೇವಂತಿಗೆ ಬೆಳೆದಿದ್ದರು.

ರಾಜಾಜಿನಗರದ ಸದಸ್ಯೆ: ವಿಷ ಹೊಡೆಯಿರಿ ಎಂದು ಮೇಡಂ ಎಲ್ಲಿ ಬರೆದಿದ್ದಾರೆ? ಓದಿ ಮಾತನಾಡಿ.

ಮಲ್ಲೇಶ್ವರದ ಸದಸ್ಯ: ನಾನು ಕೇಳಿದ್ದು ನಿಮ್ಮನ್ನಲ್ಲ. ಬೇವಿನೆಣ್ಣೆ, ಗಂಧಕ ಎರಡನ್ನೂ ಬೆರೆಸಿ ಹೊಡೆಯಬಹುದಲ್ಲವೇ?

ತಜ್ಞೆ: ಬೆರೆಸಬಾರದು. ಎರಡರ ನಡುವೆ ಕನಿಷ್ಠ ಎರಡು ವಾರ ಅಂತರವಿರಬೇಕು.

ಯಲಹಂಕದ ಸದಸ್ಯ: ಗುಲಾಬಿ ಎಲೆಯಲ್ಲಿ ಕಪ್ಪು ಚುಕ್ಕೆ ಬಂದಿದೆ, ಪರಿಹಾರ ತಿಳಿಸಿ.

ತಜ್ಞೆ: ಮೊದಲ ಉತ್ತರ ನೋಡಿ.

ಬಸವನಗುಡಿಯ ಸದಸ್ಯೆ: ಮೇಡಂ, ನನ್ನ ಕಾಬಾಳೆ?

ರಾಜಾಜಿನಗರದ ಸದಸ್ಯೆ: ಆ ಸಂದೇಶ ಇನ್ನೂ ಇಲ್ಲೇ ಇದೆ. ಅಡ್ಮಿನ್ ಏನು ಮಾಡುತ್ತಿದ್ದಾರೆ?

ವಿಜಯನಗರದ ಸದಸ್ಯ: ಫೋನ್ ಮಾಡಿದೆ. ಅವರು ಕಡ್ಡಿಗಳನ್ನು ತಮ್ಮ ಹಳೆಯ ಸೇವಂತಿಗೆ ಸಾಲಿನಲ್ಲೇ ನೆಟ್ಟಿದ್ದಾರಂತೆ, ಇನ್ನೂ ಗುಳ್ಳೆ ಕಂಡಿಲ್ಲವಂತೆ.

ತಜ್ಞೆ: ಕಾಣಲಿ ಎಂದು ಕಾಯುವುದು ಬೇಡ. ಹೊಸ ಕಡ್ಡಿಗಳನ್ನು ಬೇರುಸಹಿತ ಕಿತ್ತು ಚೀಲ ಕಟ್ಟಲಿ, ಹಳೆಯ ಸಾಲಿನ ಎಲೆಗಳ ಅಡಿಭಾಗವನ್ನು ತಿಂಗಳವರೆಗೆ ದಿನವೂ ಮಗುಚಿ ನೋಡಲಿ.