ಇಗರ್ಜಿಯ ಇಸವಿ ಬರೆಸುವ ಮೊದಲು

ತಮಾ, ನಿನ್ನ ಮೆಸೇಜ್ ಕೇಳಿದೆ. ಹಬ್ಬಕ್ಕೆ ಹಾಕುವ ಬೋರ್ಡಿನಲ್ಲಿ, ಬಾಗಿಲ ಮೇಲಿನ ಕಲ್ಲಿನ ಇಸವಿಯನ್ನೇ ನಮ್ಮ ಇಗರ್ಜಿ (ಚರ್ಚು) ಶುರುವಾದ ವರ್ಷ ಅಂತ ಬರೆಸೋಣ ಅಂದಿದ್ದೀಯಲ್ಲ, ದಯವಿಟ್ಟು ಬೇಡ. ಅದು ಈಗಿನ ಕಟ್ಟಡದ ಇಸವಿ. ಜನ ಅದಕ್ಕಿಂತ ಹಳಬರು.

ಅಜ್ಜಿ ಹೇಳುತ್ತಿದ್ದರು, ಮೊದಲು ತೋಟದ ಅಂಚಿನಲ್ಲಿ ಒಂದು ಖುರಿಸ್, ಅಂದರೆ ಶಿಲುಬೆ, ಮಾತ್ರ ಇತ್ತಂತೆ. ಸಂಜೆಯಾದರೆ ಕೇರಿಯವರೆಲ್ಲ ಅದರ ಮುಂದೆ ಕೂತು ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುವುದು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಪಾದ್ರಿ ಬರುತ್ತಿರಲಿಲ್ಲ. ಆಗ ಯಾರಾದರೂ ಸತ್ತರೆ ಊರವರೇ ಪ್ರಾರ್ಥನೆ ಹೇಳಿ ಮಣ್ಣು ಮಾಡುತ್ತಿದ್ದರು. ಅದೂ ಇಗರ್ಜಿಯೇ ಅಲ್ವಾ?

ನಮ್ಮ ಕರಾವಳಿಯ ಕಥೆಯೇ ಹಾಗೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟೋ ಇಗರ್ಜಿಗಳನ್ನು ಕೆಡವಿದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ಬಿಡುಗಡೆಯಾಗಿ ಬಂದರು, ಮತ್ತೆ ಕಟ್ಟಿಕೊಂಡರು. ಹದಿನೈದು ವರ್ಷ ಗೋಡೆ ಇರಲಿಲ್ಲ, ಜನ ಇದ್ದರು. ಇದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಹಾಗಾಗಿ ಮೊದಲು ಇಗರ್ಜಿಯ ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ಪುಸ್ತಕ ನೋಡು. ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆ, ಜ್ಞಾನ ತಾಯಿ, ಎಲ್ಲ ಅದರಲ್ಲಿರುತ್ತದೆ. ಸರಕಾರ ಜನನ ಮರಣ ಬರೆದಿಡುವುದಕ್ಕಿಂತ ಎಷ್ಟೋ ಮೊದಲು, 1563ರಲ್ಲೇ, ಕ್ಯಾಥೋಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಮದುವೆಗಳನ್ನು ಪುಸ್ತಕದಲ್ಲಿ ಬರೆಯಲೇಬೇಕು ಅಂತ ಪಾದ್ರಿಗಳಿಗೆ ಹೇಳಿತ್ತು. ಹಳೆಯ ಬರಹ ಲ್ಯಾಟಿನ್ನಿನಲ್ಲೋ ಪೋರ್ಚುಗೀಸಿನಲ್ಲೋ ಇದ್ದರೆ ಹೆದರಬೇಡ. ಹೆಸರುಗಳು ನಮ್ಮವೇ, ನಿಧಾನಕ್ಕೆ ಓದಿದರೆ ತಿಳಿಯುತ್ತದೆ.

ಹಳೆಯ ಪುಸ್ತಕ ಇಲ್ಲಿ ಸಿಗದಿದ್ದರೆ ಸುಮ್ನೆ ಕೂರಬೇಡ. ನಮ್ಮ ಕಾರವಾರ ಧರ್ಮಪ್ರಾಂತ (ಒಬ್ಬ ಬಿಷಪರ ಕೆಳಗಿನ ಪ್ರದೇಶ) ಆದದ್ದು 1976ರಲ್ಲಿ. ಅದಕ್ಕೂ ಮೊದಲು ನಾವು ಬೆಳಗಾವಿಗೆ ಸೇರಿದ್ದೆವು. ಬೆಳಗಾವಿ ಆದದ್ದೇ 1953ರಲ್ಲಿ, ಅದರ ಹಿಂದಿನದಕ್ಕೆ ಗೋವಾದಲ್ಲಿ ಕೇಳಬೇಕು.

ಮತ್ತೆ ಕೇರಿಯ ಕೊನೇ ಮನೆಯ ಮಾವುಶಿಗೆ (ಚಿಕ್ಕಮ್ಮನಿಗೆ) ವಯಸ್ಸಾಗಿದೆ. ನಮ್ಮ ಅಜ್ಜಿ ಇದ್ದಾಗ ನಾನು ಒಂದು ಮಾತೂ ಬರೆದಿಡಲಿಲ್ಲ, ಅದರ ನೋವು ನನಗಿದೆ. ಭಾನುವಾರ ಪೂಜೆ ಮುಗಿದ ಕೂಡಲೇ ನಾವಿಬ್ಬರೂ ಅವರ ಮನೆಗೆ ಹೋಗೋಣ. ಫೋನ್ ಚಾರ್ಜ್ ಮಾಡಿಕೊಂಡು ಬಾ. ಖುರಿಸ್ ಇದ್ದ ಜಾಗ ಅವರಿಗೆ ಗೊತ್ತು.