ಟಿ ಕೋಶಗಳು ಸಿಎಕ್ಸ್‌ಸಿಎಲ್10 ಕಡೆಗೆ ಚಲಿಸುತ್ತಿಲ್ಲ, ಕಾರಣವೇನು?

ಪ್ರಶ್ನೆ (ಬಳ್ಳಾರಿಯಿಂದ)

ಮಾನ್ಯರೇ, ಎಂ.ಎಸ್‌ಸಿ. ಪ್ರಾಜೆಕ್ಟಿಗಾಗಿ, ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಕ್ಯಾನ್ಸರ್ ಗಡ್ಡೆಯೊಳಕ್ಕೆ ಸೆಳೆಯುವ ಸಿಎಕ್ಸ್‌ಸಿಎಲ್10 ಎಂಬ ಕೀಮೋಕೈನನ್ನು (ಕೋಶಗಳನ್ನು ತನ್ನೆಡೆಗೆ ಸೆಳೆಯುವ ಪ್ರೋಟೀನನ್ನು) ಟ್ರಾನ್ಸ್‌ವೆಲ್‌ನ (ರಂಧ್ರಗಳುಳ್ಳ ಪೊರೆಯಿಂದ ಮೇಲೆ-ಕೆಳಗೆ ಬೇರ್ಪಟ್ಟ ಬಾವಿಯ) ಕೆಳಭಾಗಕ್ಕೆ ಹಾಕಿ, ಅದೇ ದಿನ ರಕ್ತದಿಂದ ಬೇರ್ಪಡಿಸಿದ ಟಿ ಕೋಶಗಳನ್ನು 5 ಮೈಕ್ರೋಮೀಟರ್ ರಂಧ್ರಗಳ ಪೊರೆಯ ಮೇಲಿಡುತ್ತಿದ್ದೇನೆ. ಮೂರು ಗಂಟೆಗಳ ನಂತರ ಎಣಿಸಿದರೆ ಕೀಮೋಕೈನ್ ಇರುವ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಇಲ್ಲ. ಪ್ರಮಾಣ ಹೆಚ್ಚಿಸಿದರೂ ಅಷ್ಟೇ. ಮಾಧ್ಯಮದಲ್ಲಿ ಸೀರಮ್ ಇದೆ.

ಉತ್ತರ (ರಾಯಚೂರಿನಿಂದ)

ನನ್ನ ಮೊದಲ ಅನುಮಾನ ಕೋಶಗಳ ಮೇಲೆಯೇ. ಸಿಎಕ್ಸ್‌ಸಿಎಲ್10 ಅನ್ನು ಗುರುತಿಸುವ ಗ್ರಾಹಕ ಸಿಎಕ್ಸ್‌ಸಿಆರ್3. ರಕ್ತದಿಂದ ಆಗಷ್ಟೇ ತೆಗೆದ, ಇನ್ನೂ ಪ್ರಚೋದನೆಗೊಳ್ಳದ ಟಿ ಕೋಶಗಳಲ್ಲಿ ಬಹುಪಾಲಿಗೆ ಅದು ಇರುವುದಿಲ್ಲ. ಟಿ ಕೋಶದ ಮೇಲ್ಮೈಯಲ್ಲಿರುವ ಸಿಡಿ3 ಮತ್ತು ಸಿಡಿ28ಕ್ಕೆ ಅಂಟುವ ಪ್ರತಿಕಾಯಗಳಿಂದ ಪ್ರಚೋದಿಸಿ, ಟಿ ಕೋಶಗಳನ್ನು ಬೆಳೆಸುವ ಪ್ರೋಟೀನಾದ ಐಎಲ್-2 ಕೊಟ್ಟು ಕೆಲವು ದಿನ ಬೆಳೆಸಿದ ಮೇಲೆ ಪ್ರಯೋಗ ಮಾಡಿ.

ಅದಕ್ಕೂ ಮುಂಚೆ, ಈಗಿರುವ ಕೋಶಗಳನ್ನೇ ಸಿಎಕ್ಸ್‌ಸಿಎಲ್12 ಎಂಬ ಇನ್ನೊಂದು ಕೀಮೋಕೈನ್ ಎದುರು ಪರೀಕ್ಷಿಸಿ. ಅದರ ಗ್ರಾಹಕ ಸಿಎಕ್ಸ್‌ಸಿಆರ್4 ಪ್ರಚೋದನೆಯಿಲ್ಲದ ಕೋಶಗಳಲ್ಲೂ ಇರುವುದರಿಂದ, ಅವು ಕೆಳಗಿಳಿದರೆ ನಿಮ್ಮ ಜೋಡಣೆ ಸರಿಯಿದೆ ಎಂದರ್ಥ. ಇಳಿಯದಿದ್ದರೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಪೊರೆಯ ಅಡಿಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೂ ಅಷ್ಟು ಜಾಗದಲ್ಲಿ ದ್ರವ ಪೊರೆಗೆ ತಾಗುವುದಿಲ್ಲ. ಇನ್‌ಸರ್ಟನ್ನು (ಪೊರೆಯಿರುವ ಒಳಬಟ್ಟಲನ್ನು) ಓರೆಯಾಗಿ ಇಳಿಸಿದರೆ ಗುಳ್ಳೆ ನಿಲ್ಲುವುದಿಲ್ಲ.

ಸೀರಮ್ ಬಿಟ್ಟುಬಿಡಿ. ಅದರಲ್ಲಿರುವ ಡಿಪಿಪಿ4 ಕಿಣ್ವವು ಸಿಎಕ್ಸ್‌ಸಿಎಲ್10ರ ತುದಿಯನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಅಣು ಗ್ರಾಹಕಕ್ಕೆ ಅಂಟಿಕೊಂಡರೂ ಕೋಶವನ್ನು ಸೆಳೆಯದೆ, ಉಳಿದ ಅಣುಗಳಿಗೂ ಅಡ್ಡಿಯಾಗುತ್ತದೆ. ಬದಲಿಗೆ ಬಿಎಸ್‌ಎ (ದನದ ರಕ್ತದಿಂದ ಶುದ್ಧೀಕರಿಸಿದ ಆಲ್ಬ್ಯುಮಿನ್ ಪ್ರೋಟೀನ್) ಬಳಸಿ. ಪ್ರಮಾಣ ಮಿತಿಮೀರಿದರೂ ಚಲನೆ ಕುಗ್ಗುತ್ತದೆ, ಆದ್ದರಿಂದ ಹಲವು ಪ್ರಮಾಣಗಳನ್ನು ಒಟ್ಟಿಗೇ ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಸಿಎಕ್ಸ್‌ಸಿಎಲ್12 ಕಡೆಗೆ ಕೋಶಗಳು ಚೆನ್ನಾಗಿಯೇ ಇಳಿದವು. ಈಗ ಪ್ರಚೋದಿಸಿ ಬೆಳೆಸುತ್ತಿದ್ದೇನೆ. ಅವು ಸಿಎಕ್ಸ್‌ಸಿಎಲ್10ಕ್ಕೂ ಇಳಿದರೆ, ಗಡ್ಡೆಯನ್ನೂ ಹೊಗುತ್ತವೆ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ (ರಾಯಚೂರಿನಿಂದ)

ದಯವಿಟ್ಟು ಹಾಗೆ ಬರೆಯಬೇಡಿ. ದೇಹದಲ್ಲಿ ಟಿ ಕೋಶ ಮೊದಲು ಸೆಲೆಕ್ಟಿನ್‌ಗಳೆಂಬ ಅಂಟು-ಅಣುಗಳ ನೆರವಿನಿಂದ ರಕ್ತನಾಳದ ಗೋಡೆಯ ಮೇಲೆ ಉರುಳಬೇಕು, ತನ್ನ ಮೇಲಿನ ಎಲ್‌ಎಫ್‌ಎ-1 ಮೂಲಕ ಗೋಡೆಯ ಮೇಲಿನ ಐಕ್ಯಾಮ್-1ಕ್ಕೆ ಬಿಗಿಯಾಗಿ ಅಂಟಬೇಕು, ಆಮೇಲೆಯೇ ಗೋಡೆ ದಾಟಬೇಕು. ಗಡ್ಡೆಯು ಸ್ರವಿಸುವ, ರಕ್ತನಾಳ ಬೆಳೆಸುವ ಪ್ರೋಟೀನಾದ ವಿಇಜಿಎಫ್ ಗೋಡೆಯ ಮೇಲಿನ ಈ ಅಂಟು-ಅಣುಗಳನ್ನೇ ಕಡಿಮೆ ಮಾಡಬಲ್ಲದು. ದಾಟಿದರೂ ದಟ್ಟವಾದ ಕೊಲ್ಯಾಜೆನ್ ನಾರುಗಳ ನಡುವೆ, ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಹೆಚ್ಚಿರುವ ಕಡೆ, ಕೋಶಗಳು ಗಡ್ಡೆಯ ಅಂಚಿನಲ್ಲೇ ಉಳಿದುಬಿಡುತ್ತವೆ.

ಟಿ ಕೋಶಗಳನ್ನು ಹತ್ತಿಕ್ಕುವ ಪಿಡಿ-1 ಎಂಬ ಗ್ರಾಹಕವನ್ನು ತಡೆಯುವ ಔಷಧಿಗಳು ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುತ್ತವೆ. ಆದರೆ ಕೋಶಗಳೇ ಒಳಗೆ ತಲುಪದ ಗಡ್ಡೆಗಳಲ್ಲಿ ಅವುಗಳ ಪರಿಣಾಮ ಸಾಮಾನ್ಯವಾಗಿ ಕಡಿಮೆ. ಅದಕ್ಕಾಗಿಯೇ ನಿಮ್ಮ ಪ್ರಯೋಗವನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ವರದಿಯಲ್ಲಿ "ಪ್ರಚೋದಿತ ಟಿ ಕೋಶಗಳು ಸಿಎಕ್ಸ್‌ಸಿಎಲ್10 ಕಡೆಗೆ ಚಲಿಸಿದವು" ಎಂದಷ್ಟೇ ಬರೆಯಿರಿ; ಅದನ್ನು ಬರೆಯುವ ಮುನ್ನ ಮೇಲೆ ಕೆಳಗೆ ಎರಡೂ ಕಡೆ ಸಮಪ್ರಮಾಣದಲ್ಲಿ ಕೀಮೋಕೈನ್ ಹಾಕಿದ ಒಂದು ಬಾವಿಯನ್ನೂ ಸೇರಿಸಿ. ಅಲ್ಲಿಯೂ ಅಷ್ಟೇ ಕೋಶಗಳು ಇಳಿದರೆ, ಅದು ದಿಕ್ಕಿಲ್ಲದ ಓಡಾಟವೇ ಹೊರತು ಸೆಳೆತವಲ್ಲ.